ಕದ್ವಾಡದ ಜಗಲಿಯ ಡಾಕ್ಟರಬಾಯಿ

ನನ್ನ ಹೆಂಡತಿಯನ್ನು ನಾನು ಮೊದಲ ಸಲ ನೋಡಿದಾಗ ಅವಳು ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು. ಅದು ನಾವು ಹೆಣ್ಣು ನೋಡಲು ಕದ್ವಾಡಕ್ಕೆ ಹೋದ ದಿನ. ನಾನು ಅಂಕೋಲೆಯವನು, ಆಗಷ್ಟೇ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಕೆಲಸಕ್ಕೆ ಸೇರಿದ್ದೆ. ಅವಳು ಮುಂಬಯಿಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದಳು. ಹಿಂದಿನ ದಿನ ಆಸ್ಪತ್ರೆಯ ಕೆಲಸ ಮುಗಿಸಿ ಹೊರಟು, ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತೇ ಬಂದು, ಮುಖ ತೊಳೆದು ಸೀರೆ ಉಟ್ಟು ನಮ್ಮೆದುರು ಕೂತಿದ್ದಳು. ಅವಳ ಅಪ್ಪ ಹೊಳೆಯಂಚಿನ ಗದ್ದೆಗೆ ಉಪ್ಪುನೀರು ನುಗ್ಗಿದ ಕಥೆಯನ್ನು ನನ್ನ ಸೋದರಮಾವನಿಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಕಥೆ ಉದ್ದವಾಯಿತು. ನಾನು ಧೈರ್ಯ ಮಾಡಿ ತಲೆಯೆತ್ತಿ ನೋಡುವಷ್ಟರಲ್ಲಿ ಹುಡುಗಿಯ ಕುತ್ತಿಗೆ ಒಂದು ಬದಿಗೆ ವಾಲಿತ್ತು.

ಅವಳ ತಾಯಿ ನಾಚಿಕೆಯಿಂದ ಎಬ್ಬಿಸಲು ಹೋದರು. ನಾನು ಆಯಿ ಎಂದು ಕರೆಯುವ ನನ್ನ ತಾಯಿ ಬೇಡವೆಂದು ಕೈ ಅಡ್ಡ ಹಿಡಿದಳು. ನಾವೆಲ್ಲ ದನಿ ತಗ್ಗಿಸಿ ಚಾ ಕುಡಿದೆವು, ಅವಲಕ್ಕಿ ತಿಂದೆವು, ಮಾವ ಗದ್ದೆಯ ಒಡ್ಡಿನ ಬಗ್ಗೆ ಇನ್ನಷ್ಟು ಕೇಳಿದ. ಅವಳು ಎಚ್ಚರವಾದ ಮೇಲೆ ಬಾವಿಕಟ್ಟೆಯ ಹತ್ತಿರ ನಮ್ಮಿಬ್ಬರನ್ನು ಮಾತಾಡಲು ಬಿಟ್ಟರು. ಅವಳು ಕ್ಷಮೆ ಏನೂ ಕೇಳಲಿಲ್ಲ. ತನ್ನ ಕೆಲಸ ಹೀಗೇ, ಮದುವೆಯಾದ ಮೇಲೂ ಹೀಗೇ ಇರುತ್ತದೆ, ಯಾವ ಹೊತ್ತಿಗೆ ಹೋಗುತ್ತೇನೆ ಯಾವ ಹೊತ್ತಿಗೆ ಬರುತ್ತೇನೆ ಎಂದು ಹೇಳಲಾಗುವುದಿಲ್ಲ ಎಂದಳು. ಅಡುಗೆಯಲ್ಲಿ ಬರುವುದು ಒಂದು ಮೀನುಸಾರು ಮಾತ್ರ ಎಂದೂ ಸೇರಿಸಿದಳು. ನನಗೆ ಬೇಳೆಸಾರು, ಪಲ್ಯ, ಚಪಾತಿ ಬರುತ್ತಿತ್ತು. ಹಾಗೆಂದು ಹೇಳಿದೆ. ಆಗ ಅವಳು ಮೊದಲ ಬಾರಿ ನನ್ನನ್ನು ಸರಿಯಾಗಿ ನೋಡಿದಳು.

ವಾಪಸು ಬರುವಾಗ ಆಯಿ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ, "ನಾಟಕ ಇಲ್ಲದ ಹುಡುಗಿ" ಎಂದಳು. ಮದುವೆ ಅಲ್ಲಿಗೆ ನಿಶ್ಚಯವಾಯಿತು.

ಅವಳು ಹುಟ್ಟಿ ಬೆಳೆದದ್ದು ಕೃಷಿಯ ಮನೆಯಲ್ಲಿ, ಮಾತು ಕೊಂಕಣಿ. ಕಾಳಿ ಹೊಳೆಯಲ್ಲಿ ಈಜುತ್ತ, ಗದ್ದೆಗೆ ಬುತ್ತಿ ಒಯ್ಯುತ್ತ ಓದಿದವಳು. ಡಾಕ್ಟರಾಗಬೇಕೆಂಬ ಆಸೆ ಶಾಲೆಯಲ್ಲಿ ಎಲ್ಲ ಜಾಣ ಮಕ್ಕಳಿಗೂ ಇರುವಂಥದ್ದೇ. ಹೃದಯವೇ ಯಾಕೆ ಎಂದು ನಾನು ಒಮ್ಮೆ ಕೇಳಿದ್ದಿದೆ. ದೊಡ್ಡ ಕಾರಣ ಸಿಗುತ್ತದೆ ಎಂದುಕೊಂಡಿದ್ದೆ. ಕಲಿಯುವಾಗ ಮೊದಲ ಬಾರಿ ತೆರೆದ ಎದೆಯಲ್ಲಿ ಅದು ಬಡಿಯುವುದನ್ನು ಕಂಡಳಂತೆ, ಅಲ್ಲಿಂದ ಬೇರೆ ಯಾವ ಅಂಗದ ಮೇಲೂ ಮನಸ್ಸು ನಿಲ್ಲಲಿಲ್ಲವಂತೆ. "ಅದು ಸುಮ್ಮನೆ ಇರೂದೇ ಇಲ್ಲ ಅಲ್ದಾ" ಎಂದಳು. ಅವಳೂ ಸುಮ್ಮನಿರುವವಳಲ್ಲ.

ಆಗಿನ ಕಾಲಕ್ಕೆ ಆ ವಿಭಾಗದಲ್ಲಿ ಹೆಂಗಸರು ಇರಲಿಲ್ಲ ಎಂದೇ ಹೇಳಬೇಕು. ತೆರೆದ ಎದೆಯ ಮುಂದೆ ತಾಸುಗಟ್ಟಲೆ ನಿಲ್ಲುವುದು ನಿನ್ನಿಂದ ಆಗದು, ಕಣ್ಣಿನ ವಿಭಾಗಕ್ಕೆ ಹೋಗು ಎಂದು ಹಿರಿಯರೊಬ್ಬರು ಅವಳಿಗೆ ಪ್ರೀತಿಯಿಂದಲೇ ಬುದ್ಧಿ ಹೇಳಿದ್ದರಂತೆ. ನೆಟ್ಟಿಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿ ಗದ್ದೆಯಲ್ಲಿ ನಿಂತ ಹೆಂಗಸರ ನಡುವೆ ಬೆಳೆದವಳಿಗೆ ಆ ಮಾತು ತಮಾಷೆಯಾಗಿ ಕಂಡಿತಂತೆ. ನಕ್ಕುಬಿಟ್ಟಳಂತೆ. ಅದೇ ಹಿರಿಯರು ಆಮೇಲೆ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು.

ಓದು ಮುಗಿದ ಮೇಲೆ ಘಟ್ಟದ ಮೇಲಿನ ಒಂದು ಶಹರದ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸವಾಯಿತು. ನನ್ನ ಕಾಲೇಜು ಅಂಕೋಲೆಯಲ್ಲಿ. ವಾರವಿಡೀ ಅವಳು ಅಲ್ಲಿ, ನಾನು ಇಲ್ಲಿ. ಶನಿವಾರ ಸಂಜೆ ಯಲ್ಲಾಪುರ ಮಾರ್ಗವಾಗಿ ಘಟ್ಟ ಇಳಿದು ಬರುತ್ತಿದ್ದಳು, ಸೋಮವಾರ ಬೆಳಕು ಹರಿಯುವಾಗ ಹತ್ತುತ್ತಿದ್ದಳು. ಮಗಳು ನನ್ನ ಮತ್ತು ಆಯಿಯ ಕೈಯಲ್ಲೇ ಬೆಳೆದಳು. ಒಂದು ದಿನ ಶಾಲೆಯಲ್ಲಿ ತಾಯಿಯ ಕೆಲಸ ಏನು ಎಂದು ಕೇಳಿದ್ದಕ್ಕೆ ಅವಳು ಹೊಲಿಯುವುದು ಎಂದು ಹೇಳಿ ಬಂದಿದ್ದಳು. ಮರುದಿನ ಅವಳಿಗೆ ಪಾಠ ಹೇಳುವ ಅಕ್ಕೋರು ಅಳತೆಯ ರವಿಕೆಯ ಜೊತೆ ಒಂದು ಬಟ್ಟೆ ಕಳಿಸಿಬಿಟ್ಟರು. ಶನಿವಾರ ಬಂದ ನನ್ನ ಹೆಂಡತಿ ಆ ಬಟ್ಟೆಯನ್ನು ಬಿಡಿಸಿ ನೋಡಿ, ಇದಕ್ಕಿಂತ ಹೃದಯ ಸುಲಭ ಎಂದು ಮಡಚಿಟ್ಟಳು. ಆಯಿ ಅದನ್ನು ಪೇಟೆಯ ದರ್ಜಿಯ ಹತ್ತಿರ ಹೊಲಿಸಿ ಕಳಿಸಿದಳು. ಬಹಳ ಚಂದ ಹೊಲಿದಿದ್ದಾರೆ ಎಂದು ಅಕ್ಕೋರಿಂದ ಉತ್ತರ ಬಂತು.

ಕವಾಟ ಬದಲಿಸುವುದು, ಮುಚ್ಚಿದ ರಕ್ತನಾಳಕ್ಕೆ ಬೇರೆ ದಾರಿ ಮಾಡುವುದು, ಮಕ್ಕಳ ಹೃದಯದ ತೂತು ಮುಚ್ಚುವುದು, ಇವೆಲ್ಲ ಅವಳಿಗೆ ದಿನದ ಕೆಲಸವಾಗಿತ್ತು. ಆದರೆ ಹೃದಯವೇ ಸೋತು ಹೋದವರು ಬಂದರೆ ದೂರದ ದೊಡ್ಡ ಊರುಗಳಿಗೆ ಕಳಿಸಬೇಕಿತ್ತು. ಬಹಳ ಜನ ಹೋಗುತ್ತಲೇ ಇರಲಿಲ್ಲ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ, ತಿಂಗಳುಗಟ್ಟಲೆ ಕಾಯುವುದು. ಮನೆಗೆ ಹೋಗಿ ಮಲಗಿಬಿಡುತ್ತಿದ್ದರು. ಅದು ಅವಳನ್ನು ಕಾಡುತ್ತಿತ್ತು. ಬದಲಿ ಹೃದಯ ಜೋಡಿಸುವುದನ್ನು ಕಲಿಯಲು ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ವಿದೇಶಕ್ಕೆ ಹೋದಳು. ತನಗಿಂತ ಚಿಕ್ಕವರ ಹಿಂದೆ ನಿಂತು ನೋಡಿದಳು. ವಾಪಸು ಬಂದು, ನಮ್ಮ ಆಸ್ಪತ್ರೆಯಲ್ಲೇ ಇದನ್ನು ಶುರು ಮಾಡೋಣ ಎಂದಾಗ ಯಾರೂ ಬೇಡ ಎನ್ನಲಿಲ್ಲ, ಆಯ್ತು ಎಂದೂ ಹೇಳಲಿಲ್ಲ. ಇಲ್ಲಿ ಹೃದಯ ಯಾರು ಕೊಡುತ್ತಾರೆ ಎಂಬುದೇ ಎಲ್ಲರ ಪ್ರಶ್ನೆ. ಅವಳು ಅದರ ಹಿಂದೆ ವರ್ಷಗಳನ್ನು ಹಾಕಿದಳು. ಅರಿವಳಿಕೆಯವರನ್ನು, ನರ್ಸುಗಳನ್ನು, ಯಂತ್ರ ನೋಡಿಕೊಳ್ಳುವವರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿ ತರಬೇತಿ ಕೊಡಿಸಿದಳು. ಪರವಾನಗಿ ಬಂದ ದಿನ ಫೋನು ಮಾಡಿ, ಇನ್ನು ನಮಗೆ ಬೇಕಾದದ್ದು ಒಬ್ಬ ರೋಗಿ ಮತ್ತು ಒಂದು ಹೃದಯ ಎಂದಳು. ಊರಿಗೆ ಹೊಸ ಬಸ್ಸು ಬಿಟ್ಟಾಗ ಜನ ಹೇಳುವ ಹಾಗಿತ್ತು ಅವಳ ದನಿ.

ರೋಗಿ ಸಿಕ್ಕಿದ್ದು ಕದ್ವಾಡದಲ್ಲಿ. ತಿಂಗಳಿಗೊಂದು ಭಾನುವಾರ ಅವಳು ತವರುಮನೆಯ ಜಗಲಿಯಲ್ಲಿ ಕೂತು ಸುತ್ತಲಿನವರ ಎದೆ ಪರೀಕ್ಷೆ ಮಾಡುತ್ತಿದ್ದಳು. ಕಿನ್ನರದಿಂದ, ಕಾರವಾರ ಪೇಟೆಯಿಂದ, ಹೊಳೆಯಾಚೆಯಿಂದ ಜನ ಬರುತ್ತಿದ್ದರು. ಎಲ್ಲರೂ ಅವಳನ್ನು ಡಾಕ್ಟರಬಾಯಿ ಎನ್ನುತ್ತಿದ್ದರು. ಅವಳ ಅಣ್ಣನ ಹೆಂಡತಿ, ನಾವು ವೈನಿ ಎನ್ನುವವರು, ಬಂದವರಿಗೆಲ್ಲ ಚಾ ಕೊಡುತ್ತಿದ್ದರು. ಸಕ್ಕರೆ ಕಾಯಿಲೆ ಇದ್ದವರಿಗೂ ಸಕ್ಕರೆ ಹಾಕಿ ಕೊಟ್ಟು ನಾದಿನಿಯಿಂದ ಬೈಸಿಕೊಳ್ಳುತ್ತಿದ್ದರು. ನಿವೃತ್ತಿಯ ನಂತರ ನಾನೂ ಹೋಗತೊಡಗಿದೆ. ಜನರನ್ನು ಸರದಿಯಲ್ಲಿ ಕೂರಿಸುವುದು ನನ್ನ ಕೆಲಸ.

ಅಂಥ ಒಂದು ಭಾನುವಾರ ಅಮದಳ್ಳಿಯ ಒಬ್ಬ ಹೆಂಗಸು ಬಂದಳು. ಅವಳು ಸರ್ಕಾರಿ ಬಸ್ಸಿನ ಕಂಡಕ್ಟರ್. ಕಾರವಾರ ಅಂಕೋಲೆ ನಡುವೆ ಓಡಾಡುವವರಿಗೆಲ್ಲ ಪರಿಚಯದ ಮುಖ, ನನಗೂ. ಅಂದು ಗುರುತೇ ಹತ್ತಲಿಲ್ಲ. ಹೆರಿಗೆಯಾಗಿ ಕೆಲವು ತಿಂಗಳಾಗಿತ್ತು. ಕಾಲು ಬಾತಿದ್ದವು. ರಿಕ್ಷಾದಿಂದ ಇಳಿದು ಅಂಗಳ ದಾಟುವುದರಲ್ಲಿ ಮೂರು ಕಡೆ ನಿಂತಳು. ಹಿಂದೆ ಕೂಸನ್ನು ಎತ್ತಿಕೊಂಡ ಅತ್ತೆ, ಅವಳ ಹಿಂದೆ ಬಡಗಿ ಕೆಲಸದ ಗಂಡ. ಬಾಣಂತಿಯ ನಿಶ್ಶಕ್ತಿ ಎಂದು ಮನೆಯಲ್ಲಿ ಲೇಹ್ಯ, ಕಷಾಯ ಎಲ್ಲ ಮಾಡಿದ್ದರಂತೆ. ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತೇ ನಿದ್ದೆ ಎಂದಳು. ಹೆರಿಗೆಯ ಹೊತ್ತಿಗೆ ಕೆಲವರಿಗೆ ಹೃದಯ ಹೀಗೆ ಹಿಗ್ಗಿ ಬಲ ಕಳೆದುಕೊಳ್ಳುವುದಿದೆ. ನನ್ನ ಹೆಂಡತಿ ಅಂದೇ ಸಂಜೆ ಅವಳನ್ನು ತನ್ನ ಕಾರಿನಲ್ಲೇ ಘಟ್ಟ ಹತ್ತಿಸಿದಳು.

ಔಷಧಿಯಿಂದ ಮೊದಲು ಸ್ವಲ್ಪ ಚೇತರಿಸಿದಳು. ಊರಿಗೂ ಬಂದಳು. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಕುಸಿದಳು. ಆಗ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ನನ್ನ ಹೆಂಡತಿ ಬದಲಿ ಹೃದಯದ ಮಾತು ತೆಗೆದಳು. ಏನನ್ನೂ ಮುಚ್ಚಿಡಲಿಲ್ಲ. ತಮ್ಮ ಆಸ್ಪತ್ರೆಯಲ್ಲಿ ಇದು ಮೊದಲನೆಯದು, ಅಪಾಯ ಇದೆ, ಗೆದ್ದರೆ ಜನ್ಮವಿಡೀ ಹೊತ್ತಿಗೆ ಸರಿಯಾಗಿ ಮಾತ್ರೆ ತಿನ್ನಬೇಕು, ಬೇಡವಾದರೆ ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ತಾನೇ ಮಾತಾಡಿ ಕಳಿಸುತ್ತೇನೆ ಎಂದಳು. ಗಂಡ ನೆಲ ನೋಡುತ್ತ ಕೂತಿದ್ದ. ಅತ್ತೆ ಮಾತ್ರ ಹತ್ತಿರ ಸರಿದು ಕೇಳಿದಳು:

"ಡಾಕ್ಟರಬಾಯಿ, ಬೇರೆಯವರ ಹೃದಯ ಹಾಕಿದರೆ ಇವಳು ನಮ್ಮನ್ನ ಮರೀತಾಳಾ? ಕೂಸನ್ನ?"

"ಇಲ್ಲ ಆಯಿ. ನೆನಪು, ಪ್ರೀತಿ ಎಲ್ಲ ತಲೆಯಲ್ಲಿ ಇರೂದು. ಹೃದಯ ರಕ್ತ ದೂಡ್ತದೆ, ಅಷ್ಟೇ. ಕೂಸನ್ನ ಮರೀಲಿಕ್ಕೆ ಸಾಧ್ಯವೇ ಇಲ್ಲ."

ಕಂಡಕ್ಟರ್ ಉಸಿರು ಒಟ್ಟುಮಾಡಿಕೊಂಡು, "ಆಯಿ ಹತ್ರ ಜಗಳ ಮಾಡೂದೂ ಮರೆಯೂದಿಲ್ಲ ಅಲ್ದಾ?" ಎಂದಳು. ಅತ್ತೆಗೆ ನಗು ಬಂತು, ಜೊತೆಗೆ ಅಳುವೂ ಬಂತು. ಆಯ್ತು, ಇಲ್ಲೇ ಮಾಡಿ ಎಂದು ಕಂಡಕ್ಟರೇ ಹೇಳಿದಳು. ದೂರದ ಊರಿಗೆ ಹೋದರೆ ಕೂಸನ್ನು ನೋಡಲಾಗುವುದಿಲ್ಲ, ಮತ್ತೆ ಡಾಕ್ಟರಬಾಯಿ ನಮ್ಮ ಮಾತು ಆಡುತ್ತಾರೆ ಎಂದಳು.

ಆಸ್ಪತ್ರೆಯ ಹತ್ತಿರವೇ ಇರಬೇಕಾದ್ದರಿಂದ ಆ ಮನೆಯವರು ಅಲ್ಲೇ ಒಂದು ಕೋಣೆ ಹಿಡಿದರು. ನಾನು ಆ ದಿನಗಳಲ್ಲಿ ಹೆಂಡತಿಯ ಕ್ವಾರ್ಟರ್ಸಿನಲ್ಲೇ ಉಳಿದೆ. ಇಬ್ಬರಿಗೆ ಅಡುಗೆ ಮಾಡುವವನು ಐದು ಜನಕ್ಕೆ ಮಾಡಿದೆ. ಅತ್ತೆಗೆ ಘಟ್ಟದ ಮೇಲಿನ ಅಕ್ಕಿ ಸೇರಲಿಲ್ಲ. ವೈನಿ ಕದ್ವಾಡದಿಂದ ಕುಚ್ಚಲಕ್ಕಿ ಕಳಿಸಿದರು. ಕೂಸು ನನ್ನ ಕನ್ನಡಕ ಎಳೆಯುವುದನ್ನು ಕಲಿಯಿತು.

ಸುದ್ದಿ ಬಂದದ್ದು ಒಂದು ಬೆಳಿಗ್ಗೆ, ನಾವು ದೋಸೆ ತಿನ್ನುತ್ತಿದ್ದಾಗ. ಫೋನು ಇಟ್ಟು ನನ್ನ ಹೆಂಡತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಬೇರೊಂದು ಊರಿನಲ್ಲಿ ಬೈಕಿನಿಂದ ಬಿದ್ದ ಒಬ್ಬ ಯುವಕನ ಮೆದುಳು ಸತ್ತಿದೆ ಎಂದು ವೈದ್ಯರು ಖಚಿತಪಡಿಸಿದ್ದರು. ಅವನ ಮನೆಯವರು ಅಂಗಗಳನ್ನು ಕೊಡಲು ಒಪ್ಪಿದ್ದರು. ರಕ್ತದ ಗುಂಪು ಹೊಂದಿತ್ತು.

"ಅವನ ತಾಯಿ ಈಗ ಎಂತ ಮಾಡ್ತಿರಬಹುದು" ಎಂದಳು ನನ್ನ ಹೆಂಡತಿ. ಆಮೇಲೆ ಎದ್ದು ಕೈ ತೊಳೆದು ಹೋದಳು.

ಅವಳ ಕೈಕೆಳಗೆ ತಯಾರಾಗಿದ್ದ ಒಬ್ಬ ಯುವ ಸರ್ಜನ್ ತಂಡ ಕಟ್ಟಿಕೊಂಡು ಹೃದಯ ತರಲು ಹೊರಟಳು. ತೆಗೆದ ಹೃದಯ ಕೆಲವೇ ತಾಸುಗಳಲ್ಲಿ ಇನ್ನೊಂದು ಎದೆಯಲ್ಲಿ ಬಡಿಯತೊಡಗಬೇಕು. ಪೊಲೀಸರು ದಾರಿಯುದ್ದಕ್ಕೂ ವಾಹನಗಳನ್ನು ನಿಲ್ಲಿಸಿ ಆಂಬುಲೆನ್ಸಿಗೆ ಹಾದಿ ಬಿಟ್ಟುಕೊಟ್ಟರು. ಕಂಡಕ್ಟರಳ ಗಂಡ, ಅತ್ತೆ, ಕೂಸು, ನಾನು ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಐಸು ತುಂಬಿದ ಒಂದು ನೀಲಿ ಪೆಟ್ಟಿಗೆಯನ್ನು ಹಿಡಿದು ಆ ಯುವ ಸರ್ಜನ್ ನಮ್ಮೆದುರೇ ಬಿರಬಿರನೆ ಒಳಗೆ ಹೋದಳು. ಅತ್ತೆ ಎದ್ದು ನಿಂತು ಪೆಟ್ಟಿಗೆಗೆ ಕೈ ಮುಗಿದಳು. ನಾನೂ ಎದ್ದು ನಿಂತೆ.

ಒಳಗೆ ಆದದ್ದನ್ನು ಹೆಂಡತಿ ನನಗೆ ಆಮೇಲೆ ಹೇಳಿದ್ದು. ಹಳೆಯ ಹೃದಯ ತೆಗೆದ ಮೇಲೆ ಎದೆ ಖಾಲಿ ಇರುತ್ತದೆ, ರಕ್ತ ಓಡಿಸುವುದೆಲ್ಲ ಹೊರಗಿನ ಯಂತ್ರ. ಹೊಸದನ್ನು ಇಟ್ಟು ಒಂದೊಂದೇ ಕಡೆ ಹೊಲಿಯುತ್ತ ಬರಬೇಕು. ಎಲ್ಲ ಹೊಲಿದು, ಹಿಡಿದಿಟ್ಟ ರಕ್ತವನ್ನು ಬಿಟ್ಟಾಗ ಹೃದಯ ತಣ್ಣಗೆ ಬಿಳಿಚಿಕೊಂಡು ಬಿದ್ದಿತ್ತಂತೆ. ನಿಧಾನಕ್ಕೆ ಕೆಂಪೇರಿತಂತೆ. ಆಮೇಲೆ ಅಡ್ಡಾದಿಡ್ಡಿ ನಡುಗಿತಂತೆ. ಒಮ್ಮೆ ಮೆಲ್ಲಗೆ ಶಾಕ್ ಕೊಟ್ಟರು. ನಿಂತಿತು. ಮತ್ತೆ ಒಂದು ಬಡಿತ, ಬಿಟ್ಟು ಇನ್ನೊಂದು, ಆಮೇಲೆ ಸಾಲಾಗಿ. ತನಗೆ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ, ಕೈಗವಸು ಇತ್ತಲ್ಲ, ಪಕ್ಕದ ನರ್ಸು ಒರೆಸಿದಳು ಎಂದಳು.

ರಾತ್ರಿ ಬಹಳ ಹೊತ್ತಾದ ಮೇಲೆ ಅವಳು ಹೊರಗೆ ಬಂದಳು. ಟೋಪಿಯ ಗುರುತು ಹಣೆಯ ಮೇಲೆ ಅಚ್ಚಾಗಿತ್ತು. ನಾನು ಅವಳ ಮುಖ ನೋಡಿ ತಿಳಿದುಕೊಂಡೆ. ಆದರೆ ಅವಳು ನನ್ನ ಕಡೆ ಬರಲಿಲ್ಲ. ಸೀದಾ ಅತ್ತೆಯ ಎದುರು ಹೋಗಿ ನಿಂತು, ಖುಷಿಯಾದಾಗ ತಾನಾಗಿ ಬರುವ ಕೊಂಕಣಿಯಲ್ಲಿ, "ಬರೆಂ ಆಸಾ" ಎಂದಳು. ಚೆನ್ನಾಗಿದ್ದಾಳೆ ಎಂದು. ಆ ಹೆಂಗಸು ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, ಡಾಕ್ಟರಬಾಯಿಯನ್ನು ಅಪ್ಪಿಕೊಂಡು ಬಿಟ್ಟಳು. ಬಡಗಿ ಗೋಡೆಯ ಕಡೆ ಮುಖ ಮಾಡಿ ನಿಂತ.

ಚೇತರಿಕೆ ನೆಟ್ಟಗೆ ಆಗಲಿಲ್ಲ. ನಡುವೆ ಒಮ್ಮೆ ದೇಹ ಹೊಸ ಹೃದಯವನ್ನು ಒಲ್ಲೆ ಎನ್ನತೊಡಗಿತು. ಔಷಧಿ ಹೆಚ್ಚಿಸಿ, ದಿನಗಟ್ಟಲೆ ಕಾದು, ನನ್ನ ಹೆಂಡತಿ ಮನೆಗೆ ಬಾರದೆ ಅಲ್ಲೇ ಉಳಿದಳು. ಅದೂ ದಾಟಿತು. ಕಂಡಕ್ಟರ್ ಮೊದಲ ಸಲ ಹಾಸಿಗೆಯ ಮೇಲೆ ಅಂಗಾತ ಮಲಗಿ ಮಧ್ಯಾಹ್ನವೆಲ್ಲ ನಿದ್ದೆ ಮಾಡಿದ ದಿನ ಅತ್ತೆ ವಾರ್ಡಿನವರಿಗೆಲ್ಲ ಸಕ್ಕರೆ ಹಂಚಿದಳು. ಸೊಸೆ ನಡೆಯಲು ಶುರುಮಾಡಿದಾಗ ಒಂದು ವಿಚಿತ್ರವನ್ನು ನನ್ನ ಹೆಂಡತಿ ವಿವರಿಸಿದಳು. ಹೊಸ ಹೃದಯಕ್ಕೆ ಹಳೆಯ ನರಗಳ ಸಂಬಂಧ ಕಡಿದಿರುತ್ತದೆ, ಹಾಗಾಗಿ ಮೆಟ್ಟಿಲು ಹತ್ತಿದ ಕೂಡಲೇ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ, ಸ್ವಲ್ಪ ತಡೆದು ಬಡಿತ ಏರಿಸುತ್ತದೆ, ಹತ್ತುವ ಮೊದಲು ನಿಧಾನಕ್ಕೆ ನಡೆದು ಅದನ್ನು ತಯಾರು ಮಾಡಬೇಕು. "ನಮ್ಮ ಬಸ್ಸಿನ ಇಂಜಿನ್ ಹಾಗೇ" ಎಂದಳು ಕಂಡಕ್ಟರ್.

ಅಮದಳ್ಳಿಗೆ ಅವಳು ವಾಪಸಾದ ದಿನ ನಾವೂ ಜೊತೆಗಿದ್ದೆವು. ಗಂಡ ಮನೆಗೆ ಸುಣ್ಣ ಬಳಿದು, ಅವಳ ಕೋಣೆಗೆ ಹೊಸ ಕಿಟಕಿ ಮಾಡಿ ಕೂರಿಸಿದ್ದ. ಸೋಂಕಿನ ಭಯಕ್ಕೆ ಯಾರೂ ಹತ್ತಿರ ಬರಬಾರದೆಂದು ಮೊದಲೇ ಹೇಳಿಯಾಗಿತ್ತು. ಕೇರಿಯವರೆಲ್ಲ ಬೇಲಿಯ ಹೊರಗೇ ನಿಂತು ಮಾತಾಡಿಸಿದರು. ಅಷ್ಟು ದೂರದಿಂದ ಮಾತಾಡಬೇಕಾದ್ದರಿಂದ ಎಲ್ಲರೂ ಕೂಗಿಯೇ ಮಾತಾಡಿದರು. ಮನೆಯೊಳಗಿನ ಗುಟ್ಟುಗಳೆಲ್ಲ ಊರಿಗೇ ಕೇಳಿಸಿದವು. ಅವಳು ಮುಖಕ್ಕೆ ಮಾಸ್ಕು ಹಾಕಿಕೊಂಡು ಹೊಸ ಕಿಟಕಿಯಲ್ಲಿ ಕೂತು ಎಲ್ಲರಿಗೂ ಉತ್ತರ ಕೊಟ್ಟಳು. ನೆರೆಮನೆಯ ಅಜ್ಜಿಯೊಬ್ಬಳು ಹೊಸ ಹೃದಯ ಹೇಗಿದೆ ಎಂದು ಕೇಳಿದ್ದಕ್ಕೆ, ನೀನು ಕೊಟ್ಟ ಕಷಾಯ ಮಾತ್ರ ಬೇಡ ಅನ್ನುತ್ತದೆ ಎಂದಳು. ಬೇಲಿಯುದ್ದಕ್ಕೂ ನಗು ಹಬ್ಬಿತು.

ಗಿಜಿಗುಡುವ ಬಸ್ಸಿನಲ್ಲಿ ಅವಳು ಮತ್ತೆ ಕೆಲಸ ಮಾಡುವಂತಿರಲಿಲ್ಲ. ಅದೊಂದು ಬೇಸರ ಅವಳಿಗಿತ್ತು. ಕೊನೆಗೆ ಬಸ್ ನಿಲ್ದಾಣದಲ್ಲಿ, ಗಾಜಿನ ಕೋಣೆಯೊಳಗೆ ಕೂತು ಬಸ್ಸುಗಳ ಹೊತ್ತು ಹೇಳುವ ಕೆಲಸ ಸಿಕ್ಕಿತು. ಈ ವಿಷಯ ನನಗೆ ಗೊತ್ತಿತ್ತು, ಹೆಂಡತಿಗೆ ಹೇಳಿರಲಿಲ್ಲ. ಮುಂದಿನ ಭಾನುವಾರ ಕಾರು ಬೇಡ, ಬಸ್ಸಿನಲ್ಲೇ ಹೋಗೋಣ ಎಂದೆ. ಕಾರವಾರದಲ್ಲಿ ಇಳಿದು ಕದ್ವಾಡದ ಬಸ್ಸಿಗೆ ಕಾಯುತ್ತಿದ್ದಾಗ ತಲೆಯ ಮೇಲಿನ ಸ್ಪೀಕರಿನಿಂದ ದನಿ ಬಂತು. ಅಂಕೋಲಾ, ಯಲ್ಲಾಪುರ ಮಾರ್ಗವಾಗಿ ಘಟ್ಟದ ಮೇಲೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ, ಬೇಗ ಹತ್ತಬೇಕು, ಬಾಗಿಲಲ್ಲಿ ನಿಲ್ಲಬಾರದು ಎಂದು. ತುಂಬಿದ ದನಿ, ನಡುವೆ ಎಲ್ಲೂ ಉಸಿರು ತುಂಡಾಗಲಿಲ್ಲ.

ನನ್ನ ಹೆಂಡತಿ ತಲೆಯೆತ್ತಿದಳು. ನನ್ನನ್ನು ನೋಡಿದಳು. ಆಮೇಲೆ ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟಳು. ಕದ್ವಾಡದ ಬಸ್ಸು ಬಂತು, ಹೋಯಿತು. ಜಗಲಿಯಲ್ಲಿ ಜನ ಕಾಯುತ್ತಿರುತ್ತಾರೆ ಎಂದು ನಾನು ಎಚ್ಚರಿಸಿದೆ.

"ಇನ್ನೊಂದು ಸಲ ಕೂಗಲಿ" ಎಂದಳು. "ಇನ್ನೊಂದು ಕೇಳಿ ಹೋಗುವಾ."

ಗೋವಾ ಕಡೆಯ ಬಸ್ಸನ್ನು, ಶಿರಸಿಯ ಬಸ್ಸನ್ನು, ಯಾರೋ ಮರೆತು ಹೋದ ಕೊಡೆಯನ್ನು ಆ ದನಿ ಕೂಗಿ ಹೇಳಿತು. ಎಲ್ಲವನ್ನೂ ಕೇಳಿದೆವು. ಗಾಜಿನ ಹಿಂದಿನಿಂದ ಅವಳು ನಮ್ಮನ್ನು ಕಂಡು ಕೈ ಬೀಸಿದ್ದು ಆಮೇಲೆ. ಅಂದು ಜಗಲಿಗೆ ತಡವಾಗಿ ಹೋಗಿ ವೈನಿಯಿಂದ ಬೈಸಿಕೊಳ್ಳುವ ಸರದಿ ನನ್ನ ಹೆಂಡತಿಯದಾಯಿತು.

ಅದಾದ ಮೇಲೆ ಆ ಆಸ್ಪತ್ರೆಯಲ್ಲಿ ಇನ್ನೂ ಕೆಲವರಿಗೆ ಹೊಸ ಹೃದಯ ಕೂಡಿಸಿದ್ದಾರೆ. ಎಲ್ಲರೂ ಉಳಿಯಲಿಲ್ಲ. ಒಬ್ಬರನ್ನು ಕಳೆದುಕೊಂಡ ವಾರ ಅವಳು ಮನೆಗೆ ಬಂದು ಅಂಕೋಲೆಯ ಸಮುದ್ರದಂಡೆಯಲ್ಲಿ ಕತ್ತಲಾಗುವವರೆಗೆ ನಡೆದಳು. ನಾನು ಹಿಂದೆ ನಡೆದೆ. ಸೋಮವಾರ ಮತ್ತೆ ಘಟ್ಟ ಹತ್ತಿದಳು. ಕಂಡಕ್ಟರಳ ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ, ಕೊಂಕಣಿ ಕನ್ನಡ ಬೆರೆಸಿ ಮಾತಾಡುತ್ತಾಳೆ. ಹೃದಯ ಕೊಟ್ಟವರ ಹೆಸರು ಇವರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಆದರೆ ಅತ್ತೆ ದಿನಾ ದೀಪ ಹಚ್ಚುವಾಗ ಕೊಟ್ಟ ತಾಯಿ ಚೆನ್ನಾಗಿರಲಿ ಎಂದು ಹೇಳಿಕೊಳ್ಳುತ್ತಾಳಂತೆ.

ಕಳೆದ ಬೇಸಿಗೆಯ ಒಂದು ಶನಿವಾರ ನನ್ನ ಹೆಂಡತಿ ಎಂದಿಗಿಂತ ಬೇಗ ಬಂದಳು. ಆಯಿ ಹಿತ್ತಿಲ ಕಟ್ಟೆಯ ಮೇಲೆ ಕೂತು ಇಶಾಡ ಮಾವು ಹೆಚ್ಚುತ್ತಿದ್ದಳು. ವಯಸ್ಸಾಗಿ ಕಿವಿ ಸ್ವಲ್ಪ ಮಂದವಾಗಿದೆ, ಕೈ ಮಾತ್ರ ಚುರುಕು. ಹೆಂಡತಿ ಚೀಲವನ್ನೂ ಇಳಿಸದೆ ಅವಳ ಪಕ್ಕ ಹೋಗಿ ಕೂತಳು. ಆ ವಾರ ಒಂದು ಹೃದಯ ಕೂಡಿಸಿದ್ದರಂತೆ. ಮಾಡಿದ್ದು ತಾನಲ್ಲ, ನೀಲಿ ಪೆಟ್ಟಿಗೆ ಹಿಡಿದು ಓಡಿ ಬಂದಿದ್ದ ಆ ಹುಡುಗಿಯಂತೆ, ಮೊದಲಿನಿಂದ ಕೊನೆಯವರೆಗೆ ಅವಳೇ. ತಾನು ಎದುರಿಗೆ ಸಹಾಯಕ್ಕೆ ನಿಂತಿದ್ದೆ ಎಂದು ಹೇಳುವಾಗ ನನ್ನ ಹೆಂಡತಿಯ ಮುಖ ನೋಡಬೇಕಿತ್ತು.

"ಹಾಗಾದರೆ ನೀನು ಎಂತ ಮಾಡಿದೆ?" ಎಂದು ಆಯಿ ಕೇಳಿದಳು.

"ಅವಳು ಹೊಲಿದ ಹಾಗೆ ದಾರ ಕತ್ತರಿಸಿದೆ ಆಯಿ."

"ಅಷ್ಟಕ್ಕೆ ಇಷ್ಟು ಖುಷಿಯಾ?"

"ಹೌದು, ಅಷ್ಟಕ್ಕೇ."

ಆಯಿ ಅವಳನ್ನು ಒಂದು ಕ್ಷಣ ನೋಡಿದಳು. ಆಮೇಲೆ ಹೆಚ್ಚುತ್ತಿದ್ದ ಹಣ್ಣಿನ ದಪ್ಪ ಕೆನ್ನೆಯೊಂದನ್ನು ಕೊಯ್ದು ಅವಳ ಕೈಗಿಟ್ಟು, ನನಗೆ ಗೊರಟೆ ಕೊಟ್ಟಳು.